ಬಿಟ್ಟು ಬರುವ ದಿನ ಕೈಯಲ್ಲೇನಿರುತ್ತದೆ?

ಕೊನೆಯ ಸೆಮಿಸ್ಟರಿನ ಫಲಿತಾಂಶ ಬರುವ ಹೊತ್ತಿಗೆ ಹುಬ್ಬಳ್ಳಿಯ ಉಣಕಲ್ ಕ್ರಾಸಿನಿಂದ ಸಾಯಿನಗರದವರೆಗಿನ ಬಾಡಿಗೆ ಖೋಲಿಗಳಲ್ಲೆಲ್ಲ ಒಂದೇ ಮಾತು: ಆಫರ್ ಬಂತೇನು, ಪ್ಯಾಕೇಜ್ ಎಷ್ಟು? ಎರಡು ಕಡೆಯಿಂದ ಕರೆ ಬಂದವರು ನನ್ನಂಥ ಹಿರಿಯರನ್ನೂ ಕೇಳುವುದುಂಟು. 'ಕಾಕಾ, ಒಂದರಾಗ ಮೂರೂವರಿ ಲಕ್ಷ, ಇನ್ನೊಂದರಾಗ ನಾಕು. ಯಾವುದಕ್ಕ ಹೋಗ್ಲಿ?' ನಾನು ಉತ್ತರ ಕೊಡುವುದಿಲ್ಲ, ಮರುಪ್ರಶ್ನೆ ಹಾಕುತ್ತೇನೆ: 'ಆ ನೌಕರಿ ಬಿಟ್ಟು ಬರೋ ದಿನ ನಿನ್ನ ಕೈಯಾಗ ಏನಿರ್ತೈತಿ?'

ಸೇರುವ ಮೊದಲೇ ಬಿಡುವ ಮಾತೇಕೆ ಎಂದು ಮುಖ ಸಣ್ಣ ಮಾಡಬೇಡಿ. ಸೇರಿದ ಕಡೆಯೇ ನಿವೃತ್ತರಾಗುವ ಕಾಲ ನಮ್ಮ ತಲೆಮಾರಿನಲ್ಲೇ ಮುಗಿಯುತ್ತ ಬಂತು. ಹುಬ್ಬಳ್ಳಿಯಲ್ಲಿ ಭಾರತ ಮಿಲ್ ಎಂಬುದು ಈಗ ಜಾಗದ ಹೆಸರಷ್ಟೇ. ದೇಶಕ್ಕೆಲ್ಲ ಕೈಗಡಿಯಾರ ಕೊಟ್ಟ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಬೋರ್ಡು ಇಳಿದ ಮೇಲೂ ಕೆಲವರು ಸಲೀಸಾಗಿ ಇನ್ನೊಂದು ಕಡೆ ನಿಂತರು, ಕೆಲವರಿಗೆ ಆಗಲಿಲ್ಲ. ಅವರ ನಡುವಿನ ಅಂತರ ಕೊನೆಯ ತಿಂಗಳ ಪಗಾರದ್ದಾಗಿರಲಿಲ್ಲ. ಅಷ್ಟು ವರ್ಷ ಏನು ಕಲಿತಿದ್ದರು, ಏನು ಉಳಿಸಿಕೊಂಡಿದ್ದರು ಎಂಬುದಾಗಿತ್ತು.

ಹಾಗೆಂದು ಪಗಾರವನ್ನು ಕಡೆಗಣಿಸಿ ಎಂದು ನಾನು ಹೇಳುವುದಿಲ್ಲ. ಮೊದಲು ಅದನ್ನೇ ಸರಿಯಾಗಿ ಓದಲು ಕಲಿಯಿರಿ. ವರ್ಷಕ್ಕೆ 3.6 ಲಕ್ಷ ಎಂದು ಬರೆದಿದ್ದರೆ ತಿಂಗಳಿಗೆ 30 ಸಾವಿರ ಬರುತ್ತದೆಂದು ಮನೆಗೆ ಫೋನ್ ಮಾಡಿಬಿಡುತ್ತೀರಿ. ಮೂಲವೇತನ 15 ಸಾವಿರ ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ತೆಗೆದಿಡುವ ಸುಮಾರು 720 ಆ 30 ಸಾವಿರದೊಳಗೇ ಕೂತಿರುತ್ತವೆ. ನಿಮ್ಮ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ ಬರುವುದು ಇಪ್ಪತ್ತೈದೂವರೆ ಸಾವಿರದ ಆಸುಪಾಸು. ಆ 3.6 ಲಕ್ಷದಲ್ಲಿ ಶೇ 10ರಷ್ಟು 'ವೇರಿಯೇಬಲ್ ಪೇ' ಸೇರಿದ್ದರೆ ಇನ್ನೂ ಸುಮಾರು ಮೂರು ಸಾವಿರ ಇಳಿಯಿತು. ಅದು ಕಂಪನಿಯ ವರ್ಷ ಚೆನ್ನಾಗಿದ್ದರೆ ಬರುವ ದುಡ್ಡು. ಆದ್ದರಿಂದ ಎರಡು ಆಫರ್‌ಗಳನ್ನು ಹೋಲಿಸುವಾಗ ದೊಡ್ಡಕ್ಷರದ ಮೊತ್ತ ಬಿಡಿ. ಕೈಗೆ ಬರುವುದರಲ್ಲಿ ಬಾಡಿಗೆ, ಊಟ, ಓಡಾಟ ಕಳೆದು ಉಳಿಯುವುದನ್ನು ಹೋಲಿಸಿ. ಬೆಂಗಳೂರಿನ ನಾಲ್ಕು ಲಕ್ಷ, ಹುಬ್ಬಳ್ಳಿಯ ಮೂರೂವರೆಗಿಂತ ಚಿಕ್ಕದಾಗುವುದು ಈ ಲೆಕ್ಕದಲ್ಲೇ.

ಇನ್ನು ಪಗಾರದಾಚೆಯ ಮಾತು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂಬುದು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯಲೆಂದೇ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿ 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟು, ಗ್ವಾಲಿಯರ್, ಜಲಂಧರ್ ಎಂದು ಗುರುವಿಗಾಗಿ ಉತ್ತರ ಭಾರತ ಸುತ್ತಿ, ಕೊನೆಗೆ ಅದೇ ಕುಂದಗೋಳಕ್ಕೆ ಬಂದು ನಿಂತರು. ಕಲಿಸುವವರು ಸಿಕ್ಕರೆ ದಾರಿಯ ದೂರ ಲೆಕ್ಕಕ್ಕೆ ಬರುವುದಿಲ್ಲ. ಕಲಿಸದವರು ಸಿಕ್ಕರೆ ಹವಾನಿಯಂತ್ರಿತ ಕ್ಯಾಂಪಸ್ಸೂ ದಂಡವೇ. ಮೊದಲ ನೌಕರಿಯ ಸಾಹೇಬರು ನಿಮ್ಮ ಮುಂದಿನ ಮೂವತ್ತು ವರ್ಷದ ಕೆಲಸದ ರೀತಿಯನ್ನು ತಿದ್ದುತ್ತಾರೆ. ತಪ್ಪು ಮಾಡಿದಾಗ ಕೂರಿಸಿಕೊಂಡು ತೋರಿಸುವವರೋ, ಎಲ್ಲರೆದುರು ಕೂಗಾಡುವವರೋ, ನಿಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುವವರೋ? ಸಂದರ್ಶನದ ದಿನ ಇದು ಪೂರ್ತಿ ತಿಳಿಯದು. ಆದರೂ ಒಂದು ಪ್ರಶ್ನೆ ಕೇಳಿ ನೋಡಿ: 'ನನಗಿಂತ ಮೊದಲು ಈ ಜಾಗದಲ್ಲಿದ್ದವರು ಈಗ ಎಲ್ಲಿದ್ದಾರೆ, ಸರ್?' ಮೇಲಿನ ಹುದ್ದೆಗೆ ಹೋದರು, ಇಂಥ ಕಡೆ ಸೇರಿದರು ಎಂದು ಅಭಿಮಾನದಿಂದ ಹೇಳಿದರೆ ಒಳ್ಳೆಯ ಲಕ್ಷಣ. ಮಾತು ತೇಲಿಸಿದರೆ ಅಥವಾ ವರ್ಷಕ್ಕೆ ಮೂವರು ಬದಲಾಗಿದ್ದಾರೆಂದು ತಿಳಿದರೆ, ಎಚ್ಚರ.

ಎರಡನೆಯದು ನಿಮ್ಮ ಹೊತ್ತು ಮತ್ತು ಆರೋಗ್ಯ. ಹೋಗಿಬರುವುದಕ್ಕೇ ದಿನಕ್ಕೆ ಎರಡು ಗಂಟೆ ಹೋದರೆ, ವರ್ಷಕ್ಕೆ 250 ಕೆಲಸದ ದಿನ ಹಿಡಿದರೂ 500 ಗಂಟೆ. ಎಂಟು ತಾಸಿನ ಪಾಳಿಯ ಲೆಕ್ಕದಲ್ಲಿ 62ಕ್ಕೂ ಹೆಚ್ಚು ದಿನಗಳ ಬಿಟ್ಟಿ ದುಡಿಮೆ. ಉಣಕಲ್ಲಿನಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ದುಡಿದು, ಕತ್ತಲಾಗುವ ಮೊದಲು ಕೆರೆಯ ದಂಡೆಯಲ್ಲಿ ಎರಡು ಸುತ್ತು ಹಾಕುವವನಿಗೆ ಪಗಾರದ ಚೀಟಿಯಲ್ಲಿ ಕಾಣದ ಗಳಿಕೆ ಇದೆ. ಪಾಳಿ ಯಾವುದು, ವಾರದ ರಜೆ ಎಂದು, ರಾತ್ರಿ ಹತ್ತಕ್ಕೆ ಬಂದ ಫೋನ್ ಎತ್ತದಿದ್ದರೆ ಏನಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ತಂಗ್ಯಾರಾ, ನೀವಂತೂ ಕೇಳಲು ಸಂಕೋಚಪಡಲೇಬೇಡಿ: ರಾತ್ರಿ ಪಾಳಿಗೆ ಮನೆಯ ಬಾಗಿಲವರೆಗೆ ವಾಹನ ಇದೆಯೇ? 10 ಅಥವಾ ಹೆಚ್ಚು ಜನ ದುಡಿಯುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಇರಲೇಬೇಕಾದ ಆಂತರಿಕ ಸಮಿತಿ ಇದೆಯೇ? ಹೆರಿಗೆ ರಜೆ 26 ವಾರ ಎಂಬುದು 2017ರ ತಿದ್ದುಪಡಿಯಿಂದ ಬಂದ ಹಕ್ಕು, ಅದು ಯಾರೊಬ್ಬರ ಉಪಕಾರವಲ್ಲ.

ಮೂರನೆಯದು ಕಾಗದ. 'ನಂಬಿಕೆ ಮ್ಯಾಲೆ ನಡೀತೈತಿ' ಎನ್ನುವ ಕಡೆ ಪಗಾರವೂ ನಂಬಿಕೆಯ ಮೇಲೆಯೇ ನಡೆದೀತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಯ ನೇಮಕವಾದರೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ, ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ಪಿಎಫ್ ಕಟ್ಟುತ್ತಾರೆಯೇ ನೋಡಿ. ಕಟ್ಟುತ್ತಿದ್ದರೆ, ನೌಕರಿ ಬದಲಿಸಿದಾಗಲೆಲ್ಲ ಅದನ್ನು ಬಿಡಿಸಿಕೊಂಡು ಮೊಬೈಲ್ ಕೊಳ್ಳಬೇಡಿ; ಅದೇ ಯುಎಎನ್ ಸಂಖ್ಯೆಗೆ ವರ್ಗಾಯಿಸಿಕೊಳ್ಳಿ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಹಾಗೆಯೇ ಕೂಡುತ್ತದೆ. ಬಾಂಡ್ ಇದ್ದರೆ ಸಾಲು ಸಾಲು ಓದಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಕರಾರನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಎಲ್ಲ ಬಾಂಡೂ ಸರಿ ಎಂದು ಇದರ ಅರ್ಥವಲ್ಲ. ಆದರೆ 'ಕೋರ್ಟಿನಾಗ ನಿಲ್ಲಂಗಿಲ್ಲ ಬಿಡೋ' ಎನ್ನುವ ಗೆಳೆಯನ ಮಾತು ನಂಬಿ ಸಹಿ ಹಾಕುವ ಹಾಗಿಲ್ಲ. ಮೂಲ ಅಂಕಪಟ್ಟಿಯನ್ನು ಒತ್ತೆ ಕೇಳುವವರು, ನೌಕರಿಗೆ ಮುಂಗಡ ದುಡ್ಡು ಕೇಳುವವರು, ಇವರ ಬಾಗಿಲು ತುಳಿಯಲೇಬೇಡಿ.

ಊರು ಬಿಡಬೇಕೇ, ಇಲ್ಲೇ ಇರಬೇಕೇ ಎಂಬ ಚರ್ಚೆ ಪ್ರತಿ ಮನೆಯಲ್ಲೂ ಆಗುತ್ತದೆ. ಗೋಕುಲ ರಸ್ತೆಯ ಇನ್ಫೋಸಿಸ್ ಕ್ಯಾಂಪಸ್ ಕಟ್ಟಿ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು. ಇಲ್ಲಿಯ ಮಂದಿ ದನಿ ಎತ್ತಿದರು, 2022ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. 2024ರ ಮೊದಲ ತಿಂಗಳುಗಳಲ್ಲಿ ಅದೇ ಕಂಪನಿ ಹುಬ್ಬಳ್ಳಿಗೆ ವರ್ಗವಾಗಿ ಬರುವವರಿಗೆ, ಹುದ್ದೆಗೆ ತಕ್ಕಂತೆ, ಎರಡು ವರ್ಷದಲ್ಲಿ ಗರಿಷ್ಠ 8 ಲಕ್ಷ ರೂಪಾಯಿಯವರೆಗೆ ಪ್ರೋತ್ಸಾಹಧನ ಪ್ರಕಟಿಸಿತು. ಊರಿಗೂ ಒಂದು ಬೆಲೆ ಇದೆಯೆಂದು ಕಂಪನಿಯೇ ಲೆಕ್ಕ ಹಾಕಿದಾಗ ನೀವು ಹಾಕದಿದ್ದರೆ ಹೇಗೆ? ಆದರೆ ಅವ್ವನ ರೊಟ್ಟಿಯೊಂದಕ್ಕೇ ಇಲ್ಲಿ ಉಳಿಯುವುದು ಬೇಡ, ಗೆಳೆಯರೆಲ್ಲ ಹೋದರೆಂದು ಬೆಂಗಳೂರಿಗೆ ಹೋಗುವುದೂ ಬೇಡ. ಇಲ್ಲಿಯ ಶಾಖೆಯಲ್ಲಿ ಕೈಪಳಗುವ ಕೆಲಸ ಸಿಗುತ್ತದೆಯೇ, ಬೇರೆಯವರು ಬಿಟ್ಟ ಅಳಿದುಳಿದದ್ದೇ? ಅಲ್ಲಿ ಹೋದರೆ ಹೊಸದು ಕಲಿಯುತ್ತೀರಾ, ಬಾಡಿಗೆ ಕಟ್ಟಲಷ್ಟೇ ದುಡಿಯುತ್ತೀರಾ? ಎರಡಕ್ಕೂ ಅಳತೆಗೋಲು ಒಂದೇ: ಬಿಟ್ಟು ಬರುವ ದಿನ ಕೈಯಲ್ಲೇನಿರುತ್ತದೆ.

ಇದನ್ನೆಲ್ಲ ತಿಳಿಯುವುದು ಹೇಗೆ? ಒಳಗಿರುವವರನ್ನು ಕೇಳಿದರೆ ಅರ್ಧ ಮಾತು ಹೇಳುತ್ತಾರೆ, ಅವರಿಗೂ ಹೊಟ್ಟೆಪಾಡಿದೆ. ಆ ಕಂಪನಿ ಬಿಟ್ಟವರನ್ನು ಹುಡುಕಿ. ನಿಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. ಒಬ್ಬರ ಮಾತಿಗೆ ತೀರ್ಮಾನಿಸಬೇಡಿ, ಸಿಟ್ಟಿನಲ್ಲಿ ಬಿಟ್ಟವರೂ ಇರುತ್ತಾರೆ. ಇಬ್ಬರು ಮೂವರು ಒಂದೇ ಮಾತು ಹೇಳಿದರೆ ನಂಬಿ. ಸಾಧ್ಯವಾದರೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಅರ್ಧ ತಾಸು ನಿಲ್ಲಿ. ಆರಕ್ಕೆ ಬಿಡುವ ಕಚೇರಿಯ ದೀಪ ಒಂಬತ್ತಕ್ಕೂ ಉರಿಯುತ್ತಿದ್ದರೆ ಅದೇ ಉತ್ತರ.

ಒಂದು ಮಾತು ಮರೆಯಬಾರದು. ಮನೆಯಲ್ಲಿ ಸಾಲವಿದ್ದರೆ, ತಮ್ಮನ ಫೀಸು ಕಟ್ಟಬೇಕಿದ್ದರೆ, ಅಪ್ಪನ ಔಷಧ ನಿಲ್ಲುವ ಹಾಗಿಲ್ಲದಿದ್ದರೆ, ಹೆಚ್ಚು ಪಗಾರದ ನೌಕರಿಯನ್ನೇ ಹಿಡಿಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಉಪದೇಶ ಹೇಳುವ ನಮ್ಮಂಥವರು ನಿಮ್ಮ ಮನೆಯ ಕಂತು ಕಟ್ಟುವುದಿಲ್ಲ. ಆದರೆ ಅದಕ್ಕೊಂದು ಗಡುವು ಹಾಕಿಕೊಳ್ಳಿ. ಸಾಲ ತೀರಿದ ಮೇಲೂ ಬರೀ ದುಡ್ಡಿಗಾಗಿ ಅಲ್ಲೇ ಕೂತರೆ, ಸಾಲಗಾರ ಬದಲಾದನೇ ಹೊರತು ಸಾಲ ತೀರಲಿಲ್ಲ.

ಆಫರ್ ಪತ್ರಕ್ಕೆ ಉತ್ತರ ಕೊಡಲು ಎರಡು ದಿನ ಕೇಳಿ ಪಡೆಯಿರಿ. ಎರಡು ದಿನವನ್ನೂ ಕೊಡದವರು ಮುಂದೆ ರಜೆ ಕೊಟ್ಟಾರೆಂದು ನಂಬಬೇಡಿ. ಆ ಎರಡು ದಿನದಲ್ಲಿ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಯಿರಿ: ಬಿಟ್ಟು ಬರುವ ದಿನ ಏನು ಕಲಿತಿರುತ್ತೇನೆ, ಯಾರು ನನ್ನ ಪರವಾಗಿ ಮಾತಾಡುತ್ತಾರೆ, ಆರೋಗ್ಯ ಹೇಗಿರುತ್ತದೆ, ಕೂಡಿಟ್ಟದ್ದು ಎಷ್ಟಿರುತ್ತದೆ. ಮೂರು ಸಾಲಿಗಾದರೂ ಒಳ್ಳೆಯ ಉತ್ತರ ಸಿಕ್ಕರೆ, ಪಗಾರ ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಕಡಿಮೆ ಇದ್ದರೂ ಅದನ್ನು ಬಿಟ್ಟುಕೊಟ್ಟು ಸಹಿ ಹಾಕಿ. ಒಂದೂ ಸಿಗದಿದ್ದರೆ, ಮೊತ್ತ ಎಷ್ಟೇ ಇರಲಿ, ಇನ್ನಷ್ಟು ದಿನ ಹುಡುಕಿ.