ಕನ್ನಡಕದ ಗೀರು: ಒರೆಸುವ ಮುನ್ನ ತೊಳೆಯಿರಿ

ಕಣ್ಣಿನ ಆರೈಕೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆ ಕಣ್ಣಿನ ಮುಂದೆ ದಿನವಿಡೀ ಕೂತಿರುವ ಕನ್ನಡಕದ ಆರೈಕೆಯ ಬಗ್ಗೆ ಯೋಚಿಸುವವರು ಕಡಿಮೆ. ನಮ್ಮ ನಾಡಿಗೆ ಕನ್ನಡಕ ಹೊಸದೇನಲ್ಲ. 16ನೆಯ ಶತಮಾನದ ಆರಂಭದಲ್ಲಿ ವಿಜಯನಗರದಲ್ಲಿದ್ದ ವ್ಯಾಸರಾಯರು ಗ್ರಂಥ ಓದುವಾಗ ಕನ್ನಡಕ ಬಳಸಿದ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ. ನಲವತ್ತು ದಾಟಿದವರಿಗೆ ಬೇಕಾಗುವ ವಸ್ತುವೆಂದು ಅದಕ್ಕೆ ‘ಚಾಳೀಸು’ ಎಂಬ ಹೆಸರೂ ಬಂತು. ಇಂದು ಶಾಲೆಗೆ ಹೋಗುವ ಮಗುವಿನಿಂದ ಎಂಬತ್ತರ ಅಜ್ಜನವರೆಗೆ ಮನೆಗೊಂದೆರಡು ಕನ್ನಡಕ ಇದ್ದೇ ಇರುತ್ತವೆ.

‘ಡಾಕ್ಟರ್ ಸಾಹೇಬ್ರ, ಚಸ್ಮಾ ಹಾಕ್ಕೊಂಡ್ರೂ ಮಬ್ಬ ಕಾಣ್ತೈತ್ರೀ’ ಎಂದು ಬೈರಿದೇವರಕೊಪ್ಪದಲ್ಲಿ ನಮ್ಮ ಬಳಿಗೆ ಬರುವ ಹಲವರ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರೆ, ಜೇಡರ ಬಲೆಯಂತೆ ತುಂಬ ಗೀರುಗಳು. ಇದಕ್ಕೆ ಕಣ್ಣಿನ ಹನಿ ಔಷಧವಲ್ಲ, ಹೊಸ ಗಾಜೇ ಮದ್ದು. ಇನ್ನು ಕೆಲವರು ಇರುವ ಸಣ್ಣ ಗೀರಿನ ಮೇಲೆ ತಪ್ಪು ಹೊರಿಸಿ, ಕಣ್ಣೊಳಗೆ ಬೆಳೆಯುತ್ತಿರುವ ಕಾಯಿಲೆಯನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ. ಆದ್ದರಿಂದ ಗೀರು ಬೀಳದಂತೆ ನೋಡಿಕೊಳ್ಳುವುದು ಹೇಗೆ, ಬಿದ್ದರೆ ಏನು ಮಾಡಬೇಕು, ಮಬ್ಬು ಗಾಜಿನದೋ ಕಣ್ಣಿನದೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಗಾಜಲ್ಲದ ‘ಗಾಜು’

ನಾವು ರೂಢಿಯಿಂದ ‘ಗಾಜು’ ಎಂದರೂ ಇಂದಿನ ಹೆಚ್ಚಿನ ಕನ್ನಡಕಗಳಲ್ಲಿ ಇರುವುದು ಪ್ಲಾಸ್ಟಿಕ್. ಸಿಆರ್-39 ಎಂಬ ಪ್ಲಾಸ್ಟಿಕ್ 1940ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಯಿತು. ಇದರ ಲೆನ್ಸ್ ನಿಜವಾದ ಗಾಜಿಗಿಂತ ಅರ್ಧದಷ್ಟು ಹಗುರ. ಬಿದ್ದರೆ ಗಾಜಿನಷ್ಟು ಸುಲಭವಾಗಿ ಒಡೆಯುವುದಿಲ್ಲ. ಇನ್ನೊಂದು ಬಗೆ ಪಾಲಿಕಾರ್ಬೊನೇಟ್. ಹೊಡೆತ ತಡೆಯುವುದರಲ್ಲಿ ಇದು ಗಟ್ಟಿಗ. ಆದ್ದರಿಂದ ಮಕ್ಕಳಿಗೂ ಒಂದೇ ಕಣ್ಣಿನ ದೃಷ್ಟಿ ಉಳಿದವರಿಗೂ ಇದನ್ನು ಸೂಚಿಸುತ್ತೇವೆ. ಆದರೆ ಇದರ ಮೈ ಬಹಳ ಮೃದು, ಬೇಗ ಗೀರು ಬೀಳುತ್ತದೆ.

ಈ ಕೊರತೆ ತುಂಬಲು ಪ್ಲಾಸ್ಟಿಕ್ ಲೆನ್ಸಿನ ಮೇಲೆ ಗಡಸು ಲೇಪ ಹಚ್ಚುತ್ತಾರೆ. ಅದರ ದಪ್ಪ ಕೆಲವೇ ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಎಷ್ಟೋ ತೆಳು. ಬೆಳಕಿನ ಪ್ರತಿಫಲನ ತಡೆಯುವ ಲೇಪವಂತೂ ಅದಕ್ಕಿಂತಲೂ ತೆಳು. ಅಂಗಡಿಯಲ್ಲಿ ‘ಸ್ಕ್ರ್ಯಾಚ್ ಬೀಳೂದಿಲ್ಲ’ ಎಂದು ಹೇಳಿದರೆ, ಬೇಗ ಬೀಳುವುದಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳಿ. ಎಂದೂ ಗೀರು ಬೀಳದ ಲೆನ್ಸ್ ಇಲ್ಲ.

ಗೀರುವುದು ಬಟ್ಟೆಯಲ್ಲ, ದೂಳು

ಉಣಕಲ್ ಮತ್ತು ನವನಗರದ ನಡುವೆ ಪಿ.ಬಿ. ರಸ್ತೆಗೆ ಅಂಟಿಕೊಂಡ ಊರು ನಮ್ಮದು. ಬೇಸಿಗೆಯಲ್ಲಿ ಈ ರಸ್ತೆಯಲ್ಲಿ ಬೈಕಿನ ಮೇಲೆ ಹೋಗಿಬರುವವರ, ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಕಾಳುಕಡಿಯ ಚೀಲಗಳ ನಡುವೆ ದುಡಿಯುವವರ ಕನ್ನಡಕ ಸಂಜೆಗೆ ದೂಳಿನಿಂದ ಮಸುಕಾಗಿರುತ್ತದೆ. ಈ ದೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಮರಳಿನ ಮುಖ್ಯ ಅಂಶವಾದ ಕ್ವಾರ್ಟ್ಜ್‌ನ ಸ್ಥಾನ 7. ಸಾಮಾನ್ಯ ಗಾಜಿನದು ಸುಮಾರು 5.5. ಅಂದರೆ ಮರಳು ಗಾಜನ್ನೇ ಗೀರಬಲ್ಲದು. ಪ್ಲಾಸ್ಟಿಕ್ಕಿನ ಪಾಡು ಹೇಳಬೇಕಿಲ್ಲ.

ಒಣ ಲೆನ್ಸನ್ನು ಅಂಗಿಯ ಚುಂಗಿನಿಂದಲೋ, ಸೀರೆಯ ಸೆರಗಿನಿಂದಲೋ, ಧೋತರದ ತುದಿಯಿಂದಲೋ ತಿಕ್ಕಿದಾಗ ಆಗುವುದು ಇದೇ. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದು ಮರಳಿನ ಕಣವನ್ನು ಲೆನ್ಸಿನ ಮೇಲೆ ಒತ್ತಿ ಎಳೆಯುತ್ತದೆ. ಬಾಯಿಯ ಉಗಿ ಊದಿ ಒರೆಸಿದರೂ ಅಷ್ಟೆ. ದೂಳನ್ನು ತೊಳೆದು ಸಾಗಿಸುವಷ್ಟು ನೀರು ಆ ಉಗಿಯಲ್ಲಿ ಇರುವುದಿಲ್ಲ. ಹಣೆಗೆ ಹಚ್ಚಿದ ವಿಭೂತಿಯ ಪುಡಿ ಉದುರಿ ಲೆನ್ಸಿನ ಮೇಲೆ ಕೂತಿದ್ದರೆ ಅದನ್ನೂ ಒಣಗಿದ್ದಾಗ ಒರೆಸಬಾರದು.

ಸ್ವಚ್ಛ ಮಾಡುವ ಸರಿಯಾದ ಕ್ರಮ

1. ಮೊದಲು ನಿಮ್ಮ ಕೈ ತೊಳೆದುಕೊಳ್ಳಿ.

2. ನಳದ ತಣ್ಣೀರಿನ ಕೆಳಗೆ ಕನ್ನಡಕವನ್ನು ಹಿಡಿದು ದೂಳು ಹರಿದುಹೋಗಲು ಬಿಡಿ. ಬಿಸಿನೀರು ಬೇಡ.

3. ಪಾತ್ರೆ ತೊಳೆಯುವ ದ್ರವ ಸಾಬೂನಿನ ಒಂದೇ ಹನಿಯನ್ನು ಬೆರಳತುದಿಗೆ ಹಾಕಿಕೊಂಡು ಎರಡೂ ಬದಿ ಮೆಲ್ಲಗೆ ಸವರಿ. ಮೂಗಿನ ಮೇಲೆ ಕೂಡುವ ಭಾಗ ಮತ್ತು ಕಡ್ಡಿಗಳನ್ನೂ ತೊಳೆಯಿರಿ. ಬೆವರು, ಎಣ್ಣೆ ಸೇರುವುದು ಅಲ್ಲೇ. ಪಾತ್ರೆ ತಿಕ್ಕುವ ಪುಡಿ, ಸಾಬೂನಿನ ಬಿಲ್ಲೆ, ನಾರು ಇವನ್ನು ಮುಟ್ಟಿಸಬೇಡಿ.

4. ಮತ್ತೆ ನೀರಿನಲ್ಲಿ ತೊಳೆದು, ಝಾಡಿಸಿ, ಒಗೆದ ಮೆತ್ತನೆಯ ಹತ್ತಿ ಬಟ್ಟೆಯಿಂದಲೋ ಅಂಗಡಿಯವರು ಕೊಟ್ಟ ಬಟ್ಟೆಯಿಂದಲೋ ಒತ್ತಿ ಒಣಗಿಸಿ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ. ನೀರಿನ ಸುಣ್ಣದ ಅಂಶ ಬಿಳಿ ಕಲೆಯಾಗಿ ಉಳಿಯುತ್ತದೆ.

ದಿನಕ್ಕೊಮ್ಮೆ ಇಷ್ಟು ಮಾಡಲು ಒಂದು ನಿಮಿಷ ಸಾಕು. ಅಂಗಡಿಯ ಬಟ್ಟೆಯನ್ನು ವಾರಕ್ಕೊಮ್ಮೆಯಾದರೂ ಒಗೆಯಿರಿ. ವರ್ಷಗಟ್ಟಲೆ ಒಗೆಯದ ಆ ಬಟ್ಟೆಯೇ ದೂಳಿನ ಚೀಲವಾಗಿರುತ್ತದೆ. ದಾರಿಯಲ್ಲಿ ನೀರು ಸಿಗದಿದ್ದರೆ ಒರೆಸುವುದನ್ನು ಮನೆ ಮುಟ್ಟುವವರೆಗೆ ತಡೆಯಿರಿ.

ಇಡುವಾಗ, ತೆಗೆಯುವಾಗ

ಕನ್ನಡಕವನ್ನು ಎರಡೂ ಕೈಗಳಿಂದ ತೆಗೆಯಿರಿ. ಲೆನ್ಸ್ ಕೆಳಮುಖವಾಗಿ ಮೇಜಿನ ಮೇಲಾಗಲಿ ಕಟ್ಟೆಯ ಮೇಲಾಗಲಿ ಇಡಬೇಡಿ. ಕೀಲಿಕೈ, ಚಿಲ್ಲರೆ ಹಣವಿರುವ ಕಿಸೆಯಲ್ಲಿ ಹಾಗೆಯೇ ಹಾಕಬೇಡಿ. ರಾತ್ರಿ ದಿಂಬಿನ ಪಕ್ಕದಲ್ಲಿ ಇಡುವುದಕ್ಕಿಂತ ಗಟ್ಟಿ ಡಬ್ಬಿಯಲ್ಲಿ ಇಡುವುದು ಒಳ್ಳೆಯದು.

ಬಿಸಿಲಲ್ಲಿ ನಿಂತ ಕಾರಿನ ಮುಂಭಾಗದಲ್ಲಿ ಅಥವಾ ಒಲೆಯ ಹತ್ತಿರ ಕನ್ನಡಕ ಬಿಡುವುದೂ ತಪ್ಪು. ಕಾವಿಗೆ ಪ್ಲಾಸ್ಟಿಕ್ ಹಿಗ್ಗುವಷ್ಟು ಅದರ ಮೇಲಿನ ಲೇಪ ಹಿಗ್ಗುವುದಿಲ್ಲ. ಆಗ ಒಣಗಿದ ಕೆರೆಯ ತಳದಂತೆ ಲೇಪ ಸೂಕ್ಷ್ಮವಾಗಿ ಬಿರಿಯುತ್ತದೆ. ಇದನ್ನು ಅನೇಕರು ಗೀರೆಂದೇ ತಿಳಿಯುತ್ತಾರೆ.

ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರಿಗೆ ಒಂದು ಎಚ್ಚರಿಕೆ. ಹಾರುವ ಕಾದ ಕಿಡಿಗಳು ಲೆನ್ಸಿನಲ್ಲಿ ಕಚ್ಚಿಕೊಂಡು ಚುಕ್ಕೆ ಚುಕ್ಕೆ ಗುಳಿ ಮಾಡುತ್ತವೆ. ನಿಮ್ಮ ನಿತ್ಯದ ಕನ್ನಡಕ ರಕ್ಷಣಾ ಕನ್ನಡಕವಲ್ಲ. ಅದರ ಮೇಲೆ ಕೆಲಸಕ್ಕೆ ತಕ್ಕ ರಕ್ಷಣಾ ಕನ್ನಡಕ ಅಥವಾ ಮುಖಗವಚ ಧರಿಸಲೇಬೇಕು. ಇಲ್ಲಿ ಉಳಿಯಬೇಕಾದದ್ದು ಲೆನ್ಸ್ ಅಷ್ಟೇ ಅಲ್ಲ, ಕಣ್ಣು.

ಟೂತ್‌ಪೇಸ್ಟ್ ಹಚ್ಚಬಹುದೇ?

ಬಹಳ ಜನ ಕೇಳುವ ಪ್ರಶ್ನೆ ಇದು. ಉತ್ತರ: ಬೇಡ. ಹಲ್ಲಿನ ಕೊಳೆ ತಿಕ್ಕಿ ತೆಗೆಯಲೆಂದೇ ಟೂತ್‌ಪೇಸ್ಟಿನಲ್ಲಿ ಸಣ್ಣ ಗಡಸು ಕಣಗಳಿರುತ್ತವೆ. ಅದರಿಂದ ತಿಕ್ಕಿದರೆ ಒಂದು ದೊಡ್ಡ ಗೀರಿನ ಸುತ್ತ ನೂರು ಸಣ್ಣ ಗೀರು ಬೀಳುತ್ತವೆ, ಲೇಪವೂ ಕಿತ್ತು ಹೋಗುತ್ತದೆ. ಅಡುಗೆ ಸೋಡಾ, ಹಲ್ಲುಪುಡಿ, ಬೂದಿ ಇವುಗಳ ಕತೆಯೂ ಇದೇ. ವ್ಯಾಸಲಿನ್ ಅಥವಾ ಮೇಣ ಹಚ್ಚಿದರೆ ಗೀರು ಕೆಲವು ಗಂಟೆ ಮರೆಯಾದೀತು, ಆದರೆ ಅದರ ಜಿಡ್ಡಿಗೆ ಮತ್ತೆ ದೂಳು ಅಂಟುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಮತ್ತು ಥಿನ್ನರ್ ಕೆಲವು ಬಗೆಯ ಲೆನ್ಸನ್ನೂ ಫ್ರೇಮನ್ನೂ ಕರಗಿಸಬಲ್ಲವು. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರವವೂ ಲೇಪಕ್ಕೆ ಶತ್ರು.

ಹಾಗಾದರೆ ಗೀರನ್ನು ಉಜ್ಜಿ ಸಮ ಮಾಡಲು ಬಾರದೇ? ಕನ್ನಡಕದ ನಂಬರು ನಿಂತಿರುವುದೇ ಲೆನ್ಸಿನ ಬಾಗಿನ ಮೇಲೆ. ಉಜ್ಜಿದರೆ ಆ ಬಾಗು ಅಲ್ಲಲ್ಲಿ ಕೆಡುತ್ತದೆ. ಆದ್ದರಿಂದ ಆಳವಾದ ಗೀರಿಗೆ ಲೆನ್ಸ್ ಬದಲಿಸುವುದೊಂದೇ ದಾರಿ. ಫ್ರೇಮ್ ಗಟ್ಟಿಯಾಗಿದ್ದರೆ ಅದರಲ್ಲೇ ಹೊಸ ಲೆನ್ಸ್ ಕೂಡಿಸಬಹುದು, ಖರ್ಚು ಉಳಿಯುತ್ತದೆ. ಕೆಲವು ಲೆನ್ಸುಗಳ ಲೇಪಕ್ಕೆ ವಾರಂಟಿ ಇರುವುದರಿಂದ ರಸೀದಿಯನ್ನು ಕಾಪಿಡಿ.

ಯಾವಾಗ ಬದಲಿಸಬೇಕು?

ಅಂಚಿನಲ್ಲಿ ಒಂದೆರಡು ಗೀರಿದ್ದರೆ ಚಿಂತೆಯಿಲ್ಲ. ಕಣ್ಣಿನ ಪಾಪೆಯ ಎದುರಿಗೆ ಗೀರುಗಳಿದ್ದರೆ, ಲೆನ್ಸ್ ಪೂರ್ತಿ ಮಬ್ಬಾಗಿದ್ದರೆ, ಅಂಚು ಸೀಳಿದ್ದರೆ ಬದಲಿಸಿ. ಗೀರು ಬಿದ್ದ ಕನ್ನಡಕದಿಂದ ದೊಡ್ಡವರ ಕಣ್ಣು ಕೆಡುವುದಿಲ್ಲ. ಆದರೆ ಕಣ್ಣು ದಣಿಯಬಹುದು, ತಲೆ ನೋಯಬಹುದು. ದೊಡ್ಡ ಅಪಾಯವಿರುವುದು ರಾತ್ರಿ ಗಾಡಿ ಓಡಿಸುವವರಿಗೆ. ಎದುರಿನ ಲಾರಿಯ ದೀಪದ ಬೆಳಕು ಪ್ರತಿ ಗೀರಿನಲ್ಲೂ ಚದರಿ, ಕಣ್ಣ ಮುಂದೆ ಬೆಳಕಿನ ಪರದೆಯನ್ನೇ ಹರಡುತ್ತದೆ. ಆ ಕ್ಷಣದಲ್ಲಿ ರಸ್ತೆ ದಾಟುತ್ತಿರುವ ಮನುಷ್ಯ ಕಾಣದೇ ಹೋಗಬಹುದು.

ಮಕ್ಕಳ ಮಾತೇ ಬೇರೆ. ಏಳೆಂಟು ವರ್ಷದೊಳಗೆ ಕಣ್ಣಿಗೆ ಸ್ಪಷ್ಟವಾದ ಚಿತ್ರ ಸಿಗದಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಸರಿಯಾಗಿ ಕಲಿಯುವುದೇ ಇಲ್ಲ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತೇವೆ. ತಡವಾದಷ್ಟೂ ಚಿಕಿತ್ಸೆ ಕಷ್ಟ. ಗೀರು ಬಿತ್ತೆಂದು ಮಗುವನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿದ ಮಗು ಕನ್ನಡಕವನ್ನು ಪಾಟಿಚೀಲದಲ್ಲೇ ಮುಚ್ಚಿಡುತ್ತದೆ. ವಾರಕ್ಕೊಮ್ಮೆ ನೀವೇ ತೆಗೆದು ನೋಡಿ, ತೊಳೆಯುವುದನ್ನು ಕಲಿಸಿ. ಖರ್ಚಿನ ತೊಂದರೆ ಇದ್ದವರು ಶಾಲೆಯಲ್ಲಿ ವಿಚಾರಿಸಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳ ಕಣ್ಣು ತಪಾಸಣೆಗೂ, ಅಗತ್ಯವಿದ್ದವರಿಗೆ ಉಚಿತ ಕನ್ನಡಕಕ್ಕೂ ಅವಕಾಶವಿದೆ.

ಮಬ್ಬು ಗಾಜಿನದೋ, ಕಣ್ಣಿನದೋ?

ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಕನ್ನಡಕವನ್ನು ಚೆನ್ನಾಗಿ ತೊಳೆದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ, ಗೀರಿದ್ದರೆ ಮಿನುಗುತ್ತದೆ. ನಂತರ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ದೃಷ್ಟಿಯನ್ನು ಕದಲಿಸದೆ ಫ್ರೇಮನ್ನು ತುಸು ಅತ್ತಿತ್ತ ಸರಿಸಿ. ಮಬ್ಬು ಫ್ರೇಮಿನ ಜೊತೆಗೆ ಸರಿದರೆ ಅದು ಲೆನ್ಸಿನದು. ಸರಿಯದೆ ಇದ್ದಲ್ಲೇ ಇದ್ದರೆ ತೊಂದರೆ ಕಣ್ಣಿನಲ್ಲಿರಬಹುದು. ನಂಬರು ಬದಲಾಗಿರಬಹುದು, ಪೊರೆ ಬರುತ್ತಿರಬಹುದು, ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ತಾಗಿರಬಹುದು. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಒಳಪರದೆಯ ಪರೀಕ್ಷೆ ಮಾಡಿಸಲೇಬೇಕು.

ಕೆಲವು ಲಕ್ಷಣಗಳಿಗೆ ಕಾಯಲು ಸಮಯವಿಲ್ಲ. ದೀಪದ ಸುತ್ತ ಬಣ್ಣದ ಬಳೆ ಕಾಣಿಸಿ ಕಣ್ಣು ಕೆಂಪಾಗಿ ವಿಪರೀತ ನೋಯುವುದು, ಏಕಾಏಕಿ ಕಪ್ಪು ಚುಕ್ಕೆಗಳು ಅಥವಾ ಮಿಂಚು ಕಾಣುವುದು, ಒಂದು ಬದಿಯಿಂದ ಪರದೆ ಇಳಿದಂತಾಗುವುದು — ಇವುಗಳಲ್ಲಿ ಯಾವುದಿದ್ದರೂ ಕನ್ನಡಕದ ಅಂಗಡಿಗೆ ಹೋಗಬೇಡಿ. ಅದೇ ದಿನ ನೇತ್ರತಜ್ಞರ ಬಳಿಗೆ, ಇಲ್ಲವೇ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ.

ಹೊಸ ಲೆನ್ಸ್ ಹಾಕಿಸುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಹಳೆಯ ಚೀಟಿಯ ನಂಬರಿಗೇ ಹೊಸ ಲೆನ್ಸ್ ಕೊಂಡು ಹಣ ಕಳೆಯಬೇಡಿ. ಇವತ್ತು ಸಂಜೆ ಮನೆಮಂದಿಯ ಕನ್ನಡಕಗಳನ್ನೆಲ್ಲ ನಳದ ಕೆಳಗೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಅಜ್ಜ-ಅಜ್ಜಿಯ ಕನ್ನಡಕದಿಂದಲೇ ಆರಂಭಿಸಿ. ಮಬ್ಬಾಗಿ ಕಂಡರೂ ‘ವಯಸ್ಸಾತು, ಇನ್ನೇನು’ ಎಂದು ಸುಮ್ಮನಿರುವವರು ಅವರೇ ಹೆಚ್ಚು.