ಮಾಗಡಿ ಕೆರೆಯ ಹೆಬ್ಬಾತುಗಳನ್ನು ಹೆಂಗ ನೋಡಬೇಕು?

ಟೀವ್ಯಾಗ ಆಫ್ರಿಕಾದ ಸಿಂಹ, ಆನೆ ಬಂದರೆ ನಾವೆಲ್ಲ ಊಟ ಬಿಟ್ಟು ಕೂಡುತ್ತೇವೆ. ಆದರೆ ಕಾಡುಜೀವಿಗಳ ನಡವಳಿಕೆ ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆರು ರವಿವಾರ ಅಲ್ಲಿ ಕುಂತು ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಈ ಹಕ್ಕಿಯ ಮೈ ಬೂದು, ತಲೆ ಬಿಳಿ. ತಲೆಯ ಹಿಂದೆ ಎರಡು ಕರಿ ಪಟ್ಟೆ. ಆ ವರ್ಷ ಹುಟ್ಟಿದ ಮರಿಗೆ ಪಟ್ಟೆ ಇರುವುದಿಲ್ಲ. ಇದು ಗೊತ್ತಿದ್ದರೆ ಗುಂಪಿನಾಗ ಸಂಸಾರ ಹುಡುಕಬಹುದು: ಪಟ್ಟೆ ಇಲ್ಲದ ಎರಡು ಮೂರು, ಅವುಗಳ ಹಿಂದೆ ಮುಂದೆ ಪಟ್ಟೆ ಇರುವ ಎರಡು. ಟಿಬೆಟ್, ಮಂಗೋಲಿಯಾ ಕಡೆಯ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಮರಿಗಳನ್ನೂ ಕರಕೊಂಡು ಇಲ್ಲಿಗೆ ಬರುತ್ತವೆ. ವಿಜ್ಞಾನಿಗಳು ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,000 ಮೀಟರಿಗಿಂತ ಎತ್ತರ ಹಾರಿದ್ದು ದಾಖಲಾಗಿದೆ.

ಹಗಲೆಲ್ಲ ನೀರಿನಾಗ, ದಂಡ್ಯಾಗ ನಿದ್ದಿ. ಆದರೆ ಎಲ್ಲವೂ ಒಮ್ಮೆಲೇ ಮಲಗುವುದಿಲ್ಲ, ಒಂದೆರಡು ಕತ್ತು ಎತ್ತಿ ನಿಂತಿರುತ್ತವೆ. ನಾನು ಏರಿಯ ಮೇಲೆ ಮೆಲ್ಲಕ ನಡೆದೆ. ಸುಮಾರು 100 ಹೆಜ್ಜೆ ದೂರ ಇದ್ದಾಗ ಕತ್ತುಗಳು ಒಂದೊಂದಾಗಿ ಎದ್ದವು. ನಿಂತೆ, ಮತ್ತೆ ಇಳಿದವು. ಮಜಾ ಅಂದರೆ, ಅರಿವಿ ಒಗೆಯುವ ಹೆಂಗಸರು ಅದಕ್ಕಿಂತ ಹತ್ತಿರ ಇದ್ದರೂ ಹಕ್ಕಿಗಳಿಗೆ ಏನೂ ಅನಿಸಲಿಲ್ಲ! ದಿನಾ ಅದೇ ಜಾಗದಾಗ ಕಾಣುವವರಿಗೆ ಅಂಜುವುದಿಲ್ಲ. ಜೇನ್ ಗುಡಾಲ್ ಅವರು 1960ರಲ್ಲಿ ಆಫ್ರಿಕಾದ ಗೊಂಬೆ ಕಾಡಿಗೆ ಹೋದಾಗ ಚಿಂಪಾಂಜಿಗಳು ಅವರನ್ನು ಕಂಡು ಓಡಿಹೋಗುತ್ತಿದ್ದವಂತೆ. ತಿಂಗಳುಗಟ್ಟಲೆ ಕಣ್ಣಿಗೆ ಬಿದ್ದ ಮೇಲೆಯೇ ಹತ್ತಿರ ಬಿಟ್ಟುಕೊಂಡವು.

ಹೊತ್ತು ಮುಳುಗಿದ ಮೇಲೆ ಗದ್ದಲ ಶುರು. ಕತ್ತು ಮ್ಯಾಲೆ ಕೆಳಗ ಮಾಡುತ್ತ ಕೂಗಿ, ಗುಂಪುಗುಂಪಾಗಿ ಹೊಲಗಳಿಗೆ ಹಾರುತ್ತವೆ. ಇಲ್ಲೇ ತಕರಾರು. ಕೆರೆ ಹತ್ತಿರ ಹೊಲ ಇರುವ ನಮ್ಮ ಕಾಕಾ, “ನಿಮಗ ಚಂದ, ನಮಗ ಲುಕ್ಸಾನ” ಅಂತಾನೆ. ಅವನ ಮಾತು ಸುಳ್ಳಲ್ಲ. ಮುಂಜಾನೆ ಹೋಗಿ ನೋಡಿದೆ, ಎಳೆ ಕಡಲಿ ಗಿಡದ ತುದಿ ಕತ್ತರಿಸಿದಂಗ ಇದ್ದವು, ಸಾಲಿನಾಗ ಹಸಿರು ಹಿಕ್ಕಿ. ಆದರೆ ಹೊಲದ ನಡುವೆ ಮಾತ್ರ ಮೇದಿದ್ದವು, ಬೇವಿನ ಗಿಡ, ಗುಡಿಸಲು ಇರುವ ಬದಿಗೆ ಬಂದಿರಲಿಲ್ಲ. ಸುತ್ತ ಬಯಲು ಇದ್ದಲ್ಲೇ ಅವುಗಳಿಗೆ ಧೈರ್ಯ. ಕಾಕಾ ಬೆರ್ಚಪ್ಪನನ್ನು ನಿಲ್ಲಿಸಿದ. ನಾಲ್ಕು ದಿನ ಬರಲಿಲ್ಲ, ಐದನೆಯ ದಿನ ಬೆರ್ಚಪ್ಪನ ಸುತ್ತಲೇ ಮೇದಿದ್ದವು! ಈಗ ಅವನು ಅದನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತಾನೆ. ಲುಕ್ಸಾನ ಕಡಿಮೆ ಆಗಿದೆ, ನಿಂತಿಲ್ಲ. 2024ರಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿಗೇ ಹೆಸರಾಯಿತು. ಹೆಸರಿನ ಜೋಡಿ ರೈತನ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕು ಅಂತ ನನ್ನ ಅಭಿಪ್ರಾಯ.

ಒಂದು ರವಿವಾರ ಯಾರೋ ಫೋಟೋಕ್ಕಾಗಿ ಕಲ್ಲು ಒಗೆದು ಇಡೀ ಹಿಂಡನ್ನು ಎಬ್ಬಿಸಿದರು. ಮತ್ತೆ ಇಳಿಯಲು 20 ನಿಮಿಷ ಹಿಡಿಯಿತು. ಮಾರ್ಚ್ ಹೊತ್ತಿಗೆ ವಾಪಸ್ ಹೋಗಲು ಅವು ಮೈಯಾಗ ಕೊಬ್ಬು ಕೂಡಿಸಬೇಕು, ಸುಮ್ಮನೆ ಹಾರಿಸಿದರೆ ಅದು ಖರ್ಚಾಗುತ್ತದೆ.

ಬರುವವರು ಬೆಳಗಾಗುವ ಮುಂಚೆ ಏರಿಯ ಹತ್ತಿರ ಕೂಡಿರಿ. ಬೆನ್ನಿಗೆ ಸೂರ್ಯ ಇರಲಿ. ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟೇ ಜಾಗ ಹಿಡಿಯುವ ಗುಂಪು ಎಷ್ಟಿವೆ ನೋಡಿರಿ. ವೇಳೆ ಬರೆಯುವುದನ್ನು ಮರೆಯಬೇಡಿರಿ.