ಕರ್ನಲ್ ಕಳುಹಿಸುವ ವಾರ್ತೆ

ಗಣಕಯಂತ್ರದ ಅಂಗಗಳನ್ನು ಆಳುವ ಮೂಲ ತಂತ್ರಾಂಶವೇ ಕರ್ನಲ್. ಇತರ ಪ್ರೋಗ್ರಾಮುಗಳು ಆ ಅಂಗಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಒಂದರ ತಪ್ಪಿನಿಂದ ಇಡೀ ವ್ಯವಸ್ಥೆ ಕುಸಿಯಬಾರದೆಂಬುದೇ ಈ ಕಟ್ಟುಪಾಡಿನ ಉದ್ದೇಶ. ಆದುದರಿಂದ ಇವುಗಳ ನಡುವೆ ಸಂದೇಶಗಳ ವಿನಿಮಯ ಅನಿವಾರ್ಯ.

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದಕ್ಕೆ ಉತ್ತಮ ನಿದರ್ಶನ. ಯುಎಸ್‌ಬಿ ಎಂಬ ಸಂಪರ್ಕಮಾರ್ಗಕ್ಕೆ, ಎಂದರೆ ಬಸ್ಸಿಗೆ, ಪೆನ್‌ಡ್ರೈವ್ ಸೇರಿಸಿದೊಡನೆ ಕರ್ನಲ್ ಅದರ ಗುರುತನ್ನೂ ಕ್ರಮಸಂಖ್ಯೆಯನ್ನೂ ಒಳಗೊಂಡ ಸಂದೇಶವನ್ನು ನೆಟ್‌ಲಿಂಕ್ ಮೂಲಕ ಕಳುಹಿಸುತ್ತದೆ. ಯುಡೆವ್ ಎಂಬ ಪ್ರೋಗ್ರಾಮು ಅದನ್ನು ಓದಿ, ನಿಯಮಗಳನ್ನು ಪರಿಶೀಲಿಸಿ, ತಕ್ಕ ಏರ್ಪಾಡು ಮಾಡುತ್ತದೆ.

ಪೆನ್‌ಡ್ರೈವನ್ನು ಕಿತ್ತಾಗಲೂ ಸಂದೇಶ ಹೊರಡುತ್ತದೆ. ಆದರೆ ಅದು ಘಟನೆ ನಡೆದ ಮೇಲಿನ ವಾರ್ತೆ. ಡ್ರೈವಿಗೆ ಇನ್ನೂ ಬರೆಯದೆ ಗಣಕದ ನೆನಪಿನಲ್ಲಿಯೇ ಉಳಿದಿದ್ದ ಮಾಹಿತಿ ಅಷ್ಟರಲ್ಲಿ ಅಲ್ಲಿಗೆ ಸೇರದೆ ನಷ್ಟವಾಗಿರಬಹುದು. ಕೀಳುವ ಮುನ್ನ ಕರ್ನಲ್‌ಗೆ ತಿಳಿಸಬೇಕೆನ್ನುವುದು ಇದಕ್ಕಾಗಿಯೇ.